ನಮ್ಮ ಶಾಲೆಯ ಕಜ್ಜಿ ನಿರ್ಮೂಲನಾ ಮಹೋತ್ಸವ

ಕಜ್ಜಿ ಎನ್ನುವುದು ವಿಜ್ಞಾನ ಓದಿದವನಿಗೆ ಒಂದು ಸಮಸ್ಯೆಯೇ ಅಲ್ಲ. ಈ ಮಾತನ್ನು ನಾನು ಪ್ರಾರ್ಥನೆ ಮುಗಿದ ಮೇಲೆ, ಇಡೀ ಶಾಲೆಯ ಎದುರು, ಎದೆಯುಬ್ಬಿಸಿ ಹೇಳಿದ್ದೆ. ಹೇಳುವಾಗ ನನ್ನ ಬಿ.ಎಸ್ಸಿ. ಮತ್ತು ಬಿ.ಎಡ್. ಪದವಿಗಳೆರಡೂ ಅಂಗರಕ್ಷಕರಂತೆ ಅಕ್ಕಪಕ್ಕದಲ್ಲಿ ನಿಂತಿದ್ದವು. ಈಗ ಎದುರುಮನೆಯವರು ಹೂವಿನ ಗಿಡಕ್ಕೆ ನೀರು ಚಿಮುಕಿಸಿದರೂ ನಾನು ಬೆಚ್ಚಿ ಹಿಂದೆ ಸರಿಯುತ್ತೇನೆ. ಪದವಿಗಳು ನನಗಿಂತ ಮೊದಲೇ ಸರಿದಿರುತ್ತವೆ!

ನಾನು ಹರಪನಹಳ್ಳಿಯಲ್ಲಿ ಮನೆ ಮಾಡಿಕೊಂಡು, ಚಿಗಟೇರಿಯ ಆಚೆಗಿನ ಒಂದು ಹಳ್ಳಿಯ ಸರ್ಕಾರಿ ಶಾಲೆಗೆ ದಿನಾ ಬಸ್ಸಿನಲ್ಲಿ ಹೋಗಿಬರುವ ವಿಜ್ಞಾನದ ಮೇಷ್ಟ್ರು. ಶಾಲೆಯ ಆರೋಗ್ಯದ ಜವಾಬ್ದಾರಿಯೂ ನನ್ನದೇ. ಅದು ನನಗೆ ಹೇಗೆ ಬಂತೆಂದರೆ, ಜವಾಬ್ದಾರಿಗಳನ್ನು ಹಂಚಿದ ದಿನ ನಾನು ರಜೆಯ ಮೇಲಿದ್ದೆ. ಆದರೂ ಬಂದ ಮೇಲೆ ಬಿಟ್ಟುಕೊಡುವ ಜಾಯಮಾನ ನನ್ನದಲ್ಲ. ಪ್ರಥಮ ಚಿಕಿತ್ಸೆ ಪೆಟ್ಟಿಗೆಯ ಬೀಗದ ಕೈಯನ್ನು ದಾರ ಕಟ್ಟಿ ಕೊರಳಿಗೇ ಹಾಕಿಕೊಂಡೆ. ಪೆಟ್ಟಿಗೆಯೊಳಗೆ ಇದ್ದದ್ದು ಒಣಗಿದ ಟಿಂಚರಿನ ಒಂದು ಬಾಟಲಿ, ಮತ್ತು ಒಂದು ಹಲ್ಲಿ.

ಹೀಗೆ ನಾನು ಸರ್ವಸನ್ನದ್ಧನಾಗಿದ್ದಾಗಲೇ ಎರಡನೇ ತರಗತಿಯ ಅಮೂಲ್ಯ ಮೈ ತುರಿಸಿಕೊಳ್ಳತೊಡಗಿದಳು. ಊರೆಲ್ಲ ಅವಳನ್ನು ಅಮ್ಮು ಎನ್ನುತ್ತಾರೆ. ಅಪ್ಪ ಲಾರಿಯ ಮೇಲೆ ಊರೂರು ತಿರುಗುವವನು. ಅವ್ವ ಹುಲಿಗೆಮ್ಮ ಮೆಕ್ಕೆಜೋಳದ ತೆನೆ ಮುರಿಯುವ ಕೆಲಸಕ್ಕೆ ಹೋಗುವವಳು. ಬೇರೆ ಮಕ್ಕಳು ಶಾಲೆಗೆ ರಜೆ ಯಾವಾಗ ಎಂದು ಕೇಳಿದರೆ ಅಮ್ಮು ಭಾನುವಾರವೂ ಗೇಟಿನ ತನಕ ಬಂದು, ಬೀಗ ಅಲ್ಲಾಡಿಸಿ ನೋಡಿ, ಬೇಸರದಿಂದ ಮನೆಗೆ ಹೋಗುವ ಹುಡುಗಿ.

ಪ್ರಯೋಗಾಲಯದ ಭೂತಗನ್ನಡಿ ತಂದು ಅವಳ ಕೈ ನೋಡಿದೆ. ಬೆರಳ ಸಂದಿಯಲ್ಲಿ ಸಣ್ಣ ಗುಳ್ಳೆಗಳು, ಕೆರೆದು ಕೆರೆದು ಆದ ಹುಣ್ಣು, ಮಣಿಕಟ್ಟಿನ ಮೇಲೆ ಗೀರು. ಕಜ್ಜಿ ಎಂದು ಘೋಷಿಸಿದೆ. ಅದು ಕಜ್ಜಿಯೇ ಆಗಿತ್ತು. ಈ ಇಡೀ ಪ್ರಕರಣದಲ್ಲಿ ನಾನು ಸರಿಯಾಗಿ ಮಾಡಿದ ಕೆಲಸ ಇದೊಂದೇ ಆದ್ದರಿಂದ ಓದುಗರು ದಯವಿಟ್ಟು ಇದನ್ನು ಗಮನಿಸಬೇಕು.

ಬುದ್ಧಿಯಿದ್ದವನಾದರೆ ಹುಲಿಗೆಮ್ಮನನ್ನು ಕರೆದು ಮೆಲ್ಲಗೆ ಹೇಳಿ ಮುಗಿಸುತ್ತಿದ್ದ. ನಾನು ಬೋಧಕ. ಕಣ್ಣಿಗೆ ಕಾಣದ ಹುಳುವನ್ನು ಮಕ್ಕಳಿಗೆ ಕಾಣಿಸಬೇಡವೇ? ಕರಿಹಲಗೆಯ ಈ ತುದಿಯಿಂದ ಆ ತುದಿಯವರೆಗೆ ಕಜ್ಜಿಯ ಹುಳುವಿನ ಚಿತ್ರ ಬರೆದೆ. ಎಂಟು ಕಾಲು, ಕಾಲಿಗೆ ಕೂದಲು, ದುಂಡನೆಯ ಹೊಟ್ಟೆ, ಮುಂದೆ ಚೂಪಾದ ಎರಡು ಹಲ್ಲು. ಹಲ್ಲು ಪುಸ್ತಕದಲ್ಲಿ ಇರಲಿಲ್ಲ. ಅದು ನನ್ನ ಕೊಡುಗೆ. ಇದು ಚರ್ಮದ ಒಳಗೆ ಸುರಂಗ ಕೊರೆಯುತ್ತದೆ, ಅಲ್ಲೇ ಮೊಟ್ಟೆಯಿಡುತ್ತದೆ, ಜತೆಯಲ್ಲಿ ಕೂತವರಿಗೆ, ಜತೆಯಲ್ಲಿ ಮಲಗಿದವರಿಗೆ ದಾಟುತ್ತದೆ ಎಂದು ಧ್ವನಿ ತಗ್ಗಿಸಿ ವಿವರಿಸಿದೆ. ತರಗತಿ ಅಷ್ಟು ನಿಶ್ಶಬ್ದವಾಗಿ ನನ್ನ ಪಾಠ ಕೇಳಿದ್ದು ಅದೇ ಮೊದಲು. ಹೆಮ್ಮೆಯಿಂದ ತಿರುಗಿ ನೋಡಿದೆ. ಮಕ್ಕಳು ಹಲಗೆಯನ್ನು ನೋಡುತ್ತಿರಲಿಲ್ಲ. ಅಮ್ಮುವನ್ನು ನೋಡುತ್ತಿದ್ದರು. ಅವಳ ಬೆಂಚಿನಲ್ಲಿ ಅವಳೊಬ್ಬಳೇ ಉಳಿದಿದ್ದಳು.

ಮರುದಿನ ಬೆಳಿಗ್ಗೆ ಗೇಟಿನ ಮುಂದೆ ಪಾಲಕರು. ಎಲ್ಲರ ಮುಂದೆ ಶಾಲಾ ಸಮಿತಿಯ ಅಧ್ಯಕ್ಷ ಕೊಟ್ರಪ್ಪ. ಒಳ್ಳೆಯ ಮನುಷ್ಯ, ದೊಡ್ಡ ಮೀಸೆ, ಅದಕ್ಕಿಂತ ದೊಡ್ಡ ದನಿ. ಅವರ ಮೊಮ್ಮಗ ಮನೋಜ ಅಮ್ಮುವಿನ ಬೆಂಚಿನಲ್ಲೇ ಕೂರುತ್ತಿದ್ದ ಹುಡುಗ. ಎಮ್ಮೆಯಷ್ಟು ದೊಡ್ಡ ಎಂಟು ಕಾಲಿನ ಪ್ರಾಣಿಯೊಂದು ಆ ಹುಡುಗಿಯ ಮೈಯೊಳಗೆ ಮೊಟ್ಟೆಯಿಟ್ಟಿದೆಯಂತೆ, ಹೌದೇ ಎಂದು ಒಬ್ಬ ತಾಯಿ ನನ್ನನ್ನು ಕೇಳಿದಳು. ಇಲ್ಲಮ್ಮ, ಅದು ಬಹಳ ಸಣ್ಣದು ಎಂದೆ. ಸಣ್ಣದಿದ್ದಾಗಲೇ ಕೊಲ್ಲಬೇಕಿತ್ತಲ್ಲ ಎಂದಳು.

ಕೊಟ್ರಪ್ಪ ಮಾತ್ರ ಸುತ್ತಿ ಬಳಸಲಿಲ್ಲ. "ಸರ, ಆಕಿ ಬಂದ್ರ ನಮ್ಮ ಹುಡುಗ್ರು ಬರಂಗಿಲ್ಲ. ಸಿಟ್ಟಿಲೆ ಹೇಳಾಕತ್ತಿಲ್ಲ, ಹೆದರಿಕಿಲೆ ಹೇಳಾಕತ್ತೀವಿ" ಎಂದರು. ಹೇಳುತ್ತ ಹೇಳುತ್ತ ಅವರ ಎಡಗೈ ಬಲ ಮೊಣಕೈಯನ್ನು ಪರಪರ ಕೆರೆಯುತ್ತಿತ್ತು.

ಮುಖ್ಯೋಪಾಧ್ಯಾಯಿನಿ ಶಾಂತಾ ಮೇಡಂ ಮೃದು ಸ್ವಭಾವದವರು. ಒಬ್ಬಳು ಮನೆಯಲ್ಲಿರಬೇಕೋ ಇಡೀ ಶಾಲೆ ಮನೆಯಲ್ಲಿರಬೇಕೋ ಎಂಬ ಪ್ರಶ್ನೆ ಬಂದಾಗ, ವಾಸಿಯಾಗುವ ತನಕ ಅಮ್ಮುವನ್ನು ಕಳಿಸಬೇಡ ಎಂದು ಹುಲಿಗೆಮ್ಮನಿಗೆ ಹೇಳಿದರು. ಹೇಳಿ ಒಳಗೆ ಹೋಗಿ ಮೂಗು ಒರೆಸಿಕೊಂಡರು. ಹುಲಿಗೆಮ್ಮ ಜಗಳ ಆಡಲಿಲ್ಲ. ಮಗಳ ಚೀಲ ತಾನೇ ತಗಲಿಸಿಕೊಂಡಳು. ಅಮ್ಮು ಗೇಟಿನ ತನಕ ಹೋಗಿ ಹಿಂತಿರುಗಿ ನೋಡಿದಳು. ಅಧ್ಯಕ್ಷರನ್ನಲ್ಲ, ಮೇಡಂ ಅವರನ್ನೂ ಅಲ್ಲ. ನನ್ನನ್ನು. ಹುಳು ಬರೆದವನು ನಾನೇ ಅಲ್ಲವೇ!

ಆ ನೋಟಕ್ಕೆ ಏನಾದರೂ ಉತ್ತರ ಕೊಡಬೇಕಾಗಿತ್ತು. ಸೋಮವಾರ ಅಮ್ಮು ಇದೇ ಶಾಲೆಗೆ ಬರುತ್ತಾಳೆ, ಅವಳ ಪಕ್ಕದಲ್ಲಿ ನಿಮ್ಮ ಮಕ್ಕಳೂ ಕೂರುತ್ತಾರೆ, ಇದು ನನ್ನ ಮಾತು ಎಂದು ಎಲ್ಲರಿಗೂ ಕೇಳಿಸುವಂತೆ ಹೇಳಿಬಿಟ್ಟೆ. ಹೇಳಿದ ಮೇಲೆ ಇವತ್ತು ಯಾವ ವಾರ ಎಂದು ಲೆಕ್ಕ ಹಾಕಿದೆ. ಬುಧವಾರ.

ಅವತ್ತೇ ಹರಪನಹಳ್ಳಿಯ ಆಸ್ಪತ್ರೆಗೆ ಹೋದೆ. ಅಲ್ಲಿನ ವೈದ್ಯೆ ಚಿಕ್ಕ ವಯಸ್ಸಿನವರು, ಮಾತು ಖಚಿತ. ಕುತ್ತಿಗೆಯಿಂದ ಕೆಳಗೆ ಮೈಗೆಲ್ಲ ಈ ಲೋಷನ್ ಕೈಯಿಂದ ಹಚ್ಚಬೇಕು, ಬೆರಳ ಸಂದಿ ಬಿಡಬಾರದು, ರಾತ್ರಿ ಹಚ್ಚಿ ಬೆಳಿಗ್ಗೆ ಸ್ನಾನ ಮಾಡಬೇಕು, ಮನೆಯಲ್ಲಿ ತುರಿಕೆ ಇರಲಿ ಬಿಡಲಿ ಎಲ್ಲರೂ ಒಂದೇ ದಿನ ಹಚ್ಚಿಕೊಳ್ಳಬೇಕು, ಬಟ್ಟೆ ಹಾಸಿಗೆ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಬೇಕು, ವಾರ ಬಿಟ್ಟು ಮತ್ತೊಮ್ಮೆ ಹಚ್ಚಬೇಕು. ಒಮ್ಮೆ ಹಚ್ಚಿಕೊಂಡ ಮಗು ಮರುದಿನವೇ ಶಾಲೆಗೆ ಬರಬಹುದು. ಇಷ್ಟು ಹೇಳಿ, ಮುಂದಿನ ವಾರ ತಾವೇ ಬರುವುದಾಗಿಯೂ ಅಲ್ಲಿಯತನಕ ಕಾಯಬಹುದೆಂದೂ ಸೂಚಿಸಿದರು. ನಾನು ನಕ್ಕು ಬಾಟಲಿಗಳ ಡಬ್ಬವನ್ನು ಹೆಗಲಿಗೇರಿಸಿದೆ. ಅವರು ಬರುವುದರೊಳಗೆ ಸೋಮವಾರ ಬಂದುಬಿಡುವುದಿಲ್ಲವೇ?

ಗುರುವಾರ ಸಂಜೆ ಶಾಲೆಯ ಬೇವಿನ ಮರದ ಕೆಳಗೆ ಮೇಜು ಹಾಕಿ, ಬಾಟಲಿಗಳನ್ನು ಸಾಲಾಗಿ ಜೋಡಿಸಿ ಕೂತೆ. ಹುಲಿಗೆಮ್ಮ ಬಂದು ಒಂದು ಬಾಟಲಿ ಒಯ್ದಳು. ಆಮೇಲೆ ಯಾರೂ ಬರಲಿಲ್ಲ. ಬಂದರು, ಆದರೆ ಬಾಟಲಿ ಮುಟ್ಟಲಿಲ್ಲ. ನಮ್ಮ ಮನೆಯಲ್ಲಿ ಅಂಥದ್ದೇನೂ ಇಲ್ಲ ಎನ್ನುವುದೊಂದೇ ಮಾತು. ಹೇಳುವವರು ಹೊಟ್ಟೆ ಕೆರೆಯುತ್ತ ಹೇಳುತ್ತಿದ್ದರು. ಕೇಳುವವರು ಬೆನ್ನು ಕೆರೆಯುತ್ತ ಒಪ್ಪುತ್ತಿದ್ದರು. ಮಗಳಿಗೆ ಗಂಡು ನೋಡುತ್ತಿದ್ದ ಮನೆಯವರಂತೂ ಮೇಜಿನ ಕಡೆ ಕಣ್ಣೂ ಹಾಯಿಸದೆ ಆಚೆ ಓಣಿಯಿಂದ ಸುತ್ತಿಕೊಂಡು ಹೋದರು. ಬಾಟಲಿ ಒಯ್ದರೆ ಕಜ್ಜಿಯ ಮನೆಯೆಂದು ಊರಿಗೆ ಗೊತ್ತಾಗುತ್ತದೆ. ಒಯ್ಯದಿದ್ದರೆ ಅಮ್ಮುಗೆ ವಾಸಿಯಾದರೂ ಬೆಂಚಿನ ಗೆಳೆಯರಿಂದ ಅವಳಿಗೇ ಮತ್ತೆ ಅಂಟುತ್ತದೆ, ಮತ್ತೆ ಅವಳನ್ನೇ ಹೊರಗೆ ಹಾಕುತ್ತಾರೆ.

ನನ್ನ ತಲೆ ಓಡಿತು. ಮನೆಗಳಲ್ಲಿ ಬೇಡ, ಶಾಲೆಯಲ್ಲೇ ಎಲ್ಲ ಮಕ್ಕಳಿಗೂ ಹಚ್ಚಿಬಿಡೋಣ. ಯಾರ ಮನೆಯ ಹೆಸರೂ ಬರುವುದಿಲ್ಲ. ಉಳಿದದ್ದು ಒಂದೇ ತೊಡಕು. ಇಷ್ಟು ಮಕ್ಕಳಿಗೆ ಹಚ್ಚುವವರು ಯಾರು? ಶಿಕ್ಷಕರು ಮೂವರು. ಅದರಲ್ಲಿ ಒಬ್ಬರಿಗೆ ನೆನೆಸಿಕೊಂಡರೇ ತುರಿಕೆ ಬರುತ್ತಿತ್ತು. ತಾಯಂದಿರೆಲ್ಲ ಮೆಕ್ಕೆಜೋಳದ ಹೊಲದಲ್ಲಿ.

ಆಗ ಮೇಜಿನ ಪಕ್ಕ ನಿಂತಿದ್ದ ಕೊಟ್ರಪ್ಪ ನನ್ನ ಮುಖ ನೋಡಿ, ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಯೋಚನೆಯೇ ಎಂಬ ಧಾಟಿಯಲ್ಲಿ ಕೇಳಿದರು: "ಬೆಳಿಗೆ ಹುಳ ಬಿದ್ರ ನಾವು ಒಂದೊಂದ ಎಲಿಗೆ ಕೈಲೆ ಹಚ್ಚಿಕ್ಯಂತ ಕುಂದರ್ತೀವೇನ್ರಿ? ಪಂಪ್ ಐತಲ್ಲ ಸರ."

ನಮ್ಮ ಕಡೆ ಮೆಕ್ಕೆಜೋಳ ಬೆಳೆಯುವವರ ಮನೆಯ ಪಡಸಾಲೆಯಲ್ಲಿ ಬ್ಯಾಟರಿ ಪಂಪು ದೇವರ ಪಟದ ಪಕ್ಕದಲ್ಲೇ ತೂಗುತ್ತಿರುತ್ತದೆ. ಬೆನ್ನಿಗೆ ಏರಿಸಿ, ಪೈಪು ಹಿಡಿದು ನಡೆದರೆ ಎಕರೆಗಟ್ಟಲೆ ಬೆಳೆ ಕಣ್ಮುಚ್ಚಿ ತೆರೆಯುವಷ್ಟರಲ್ಲಿ ತೋಯುತ್ತದೆ. ಎಲೆಗೆ ಬೀಳುವ ಹುಳುವೂ ಹುಳುವೇ, ಚರ್ಮಕ್ಕೆ ಬೀಳುವ ಹುಳುವೂ ಹುಳುವೇ. ಎಲ್ಲರ ಮೈಗೂ ಸಮಪ್ರಮಾಣದಲ್ಲಿ ಔಷಧ! ಇಷ್ಟು ಸರಳವಾದದ್ದು ಬಿ.ಎಸ್ಸಿ. ಓದಿದ ನನಗೆ ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಈಗಲೂ ನಾಚಿಕೆಯಾಗುತ್ತದೆ, ಕಾರಣ ಬೇರೆ.

ಶುಕ್ರವಾರ ಸಂಜೆ ಮನೆಯಲ್ಲಿ ಹೆಂಡತಿ ಗಿರಿಜಾಗೆ ಯೋಜನೆಯನ್ನು ವಿವರಿಸಿದೆ. ಅವಳು ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಒಂದು ರವಿಕೆಯ ತೋಳು ಜೋಡಿಸುತ್ತಿದ್ದಳು. ಸೂಜಿಗಳನ್ನು ತೆಗೆದು ಕೈಯಲ್ಲಿ ಹಿಡಿದಳು.

"ಪಂಪ್ ಹೊಡಿಯೋದು ಹುಡುಗ್ರಿಗೇನ್ರಿ, ಹೊಲಕ್ಕೇನ್ರಿ?"

"ಹುಡುಗರಿಗೇ. ವೈಜ್ಞಾನಿಕವಾಗಿ" ಎಂದೆ.

ಅವಳು ನನ್ನನ್ನೇ ಸ್ವಲ್ಪ ಹೊತ್ತು ನೋಡಿ ಸೂಜಿಗಳನ್ನು ಮತ್ತೆ ಬಾಯಲ್ಲಿಟ್ಟುಕೊಂಡಳು. ಅದನ್ನು ನಾನು ಸಮ್ಮತಿ ಎಂದು ಭಾವಿಸಿದೆ. ಹದಿನಾಲ್ಕು ವರ್ಷ ಸಂಸಾರ ಮಾಡಿದವನು ಹಾಗೆ ಭಾವಿಸಬಾರದಿತ್ತು.

ಶನಿವಾರ ಬೆಳಗಿನ ಶಾಲೆ. ಗೇಟಿಗೆ ಬಟ್ಟೆಯ ಬ್ಯಾನರು ಕಟ್ಟಿಸಿದ್ದೆ: ಕಜ್ಜಿ ನಿರ್ಮೂಲನಾ ಮಹೋತ್ಸವ. ಮಹೋತ್ಸವ ಯಾಕೆ, ಕಾರ್ಯಕ್ರಮ ಎಂದರೆ ಸಾಲದೇ ಎಂದು ಮೇಡಂ ಕೇಳಿದರು. ಬಟ್ಟೆ ಉದ್ದ ಇತ್ತು. ಮೊದಲು ಒಂದು, ಎರಡನೇ ತರಗತಿಯ ಗಂಡುಮಕ್ಕಳು, ಆಮೇಲೆ ಹೆಣ್ಣುಮಕ್ಕಳಿಗೆ ಸೀರೆಯ ಮರೆ ಕಟ್ಟಿ, ಹೊಲದ ಕೆಲಸ ಬಿಟ್ಟು ಬರುವ ಇಬ್ಬರು ತಾಯಂದಿರೇ ಹೊಡೆಯುವುದು ಎಂದು ತೀರ್ಮಾನವಾಗಿತ್ತು. ಹುಡುಗರು ಅಂಗಿ ಬಿಚ್ಚಿ ಸಾಲಾಗಿ ನಿಂತರು. ಅಧ್ಯಕ್ಷರ ಮೊಮ್ಮಗ ಎಂಬ ಗೌರವಕ್ಕೆ ಮನೋಜನನ್ನು ಎಲ್ಲರಿಗಿಂತ ಮುಂದೆ ನಿಲ್ಲಿಸಿದ್ದರು.

ಕೊಟ್ರಪ್ಪ ಪಂಪು ತಂದರು. ಟ್ಯಾಂಕನ್ನು ಎರಡು ಸಲ ತೊಳೆದಿದ್ದೇನೆ ಎಂದು ಉಚ್ಚಂಗೆಮ್ಮನ ಆಣೆ ಇಟ್ಟು ಹೇಳಿದರು. ಅದು ಸುಳ್ಳಲ್ಲ. ನಾನೂ ಮುಚ್ಚಳ ತೆಗೆದು ಒಳಗೆ ಇಣುಕಿದೆ, ಪರೀಕ್ಷಕನಂತೆ ತಲೆಯಾಡಿಸಿದೆ. ಬಾಟಲಿಗಳ ಲೋಷನ್ ಸುರಿದು, ನೀರು ಬೆರೆಸಿ, ಕೋಲಿನಿಂದ ಕಲಕಿದೆ. ಕೊಟ್ರಪ್ಪ ಪಂಪನ್ನು ಬೆನ್ನಿಗೇರಿಸಿ ಗುಂಡಿ ಒತ್ತಿದರು. ಮೋಟರು ಗುಂಯ್ ಎಂದಿತು. ಮನೋಜ ಎರಡೂ ಕೈ ಅಗಲಿಸಿ, ಹಾರಲು ಹೊರಟ ಹಕ್ಕಿಯಂತೆ, ಕಣ್ಣು ಪೂರ್ತಿ ತೆರೆದು, ತಾತನನ್ನು ನೋಡಿ ನಗುತ್ತ ನಿಂತ. ಕೊಟ್ರಪ್ಪನ ಹೆಬ್ಬೆರಳು ಪೈಪಿನ ಹಿಡಿಯ ಮೇಲಿತ್ತು.

ಇಲ್ಲಿಗೆ ಬಂದಾಗಲೆಲ್ಲ ನನ್ನ ಕತೆ ನಿಂತುಬಿಡುತ್ತದೆ. ಪಾಠ ಮಾಡುವಾಗ, ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿದಾಗ, ಊಟದ ನಡುವೆ, ಆ ಹೆಬ್ಬೆರಳು ಕಾಣುತ್ತದೆ. ಅದು ಸ್ವಲ್ಪ ಬಾಗಿದ್ದರೆ ಸಾಕಿತ್ತು.

ಆಗ ನನಗೆ ಫೋಟೋ ನೆನಪಾಯಿತು!

ಇಂಥ ಐತಿಹಾಸಿಕ ದಿನದ ಫೋಟೋ ಶಿಕ್ಷಕರ ವಾಟ್ಸಾಪ್ ಗುಂಪಿಗೆ ಹೋಗಬೇಡವೇ? ಅದರಲ್ಲಿ ನಾನು ಇರಬೇಡವೇ? ಒಂದು ನಿಮಿಷ ತಡೆಯಿರಿ ಎಂದು ಕೈಯೆತ್ತಿದೆ. ಮೊಬೈಲನ್ನು ಶಾಂತಾ ಮೇಡಂ ಕೈಗೆ ಕೊಟ್ಟೆ. ಮಕ್ಕಳಿಗೆ ಧೈರ್ಯ ಬರಲಿ, ಮೊದಲು ನನಗೇ ಹೊಡೆಯಿರಿ ಎಂದು ಸಭೆಗೆ ಕೇಳಿಸುವಂತೆ ಘೋಷಿಸಿದೆ. ಅಂಗಿ ಕಳಚಿದೆ. ಮನೋಜನ ಭುಜ ಹಿಡಿದು ಪಕ್ಕಕ್ಕೆ ಸರಿಸಿ ಅವನ ಜಾಗದಲ್ಲಿ ನಿಂತೆ. ಕೈ ಅಗಲಿಸಿದೆ. ಕಣ್ಣು ದೊಡ್ಡದು ಮಾಡಿ, ಬಾಯಿ ತೆರೆದು ನಕ್ಕೆ. ಬಾಯಿ ತೆರೆಯಿರಿ ಎಂದು ಯಾರೂ ಹೇಳಿರಲಿಲ್ಲ. ಅದು ನನ್ನ ಸ್ವಂತ ನಿರ್ಧಾರ.

ಕೊಟ್ರಪ್ಪ ಎತ್ತರದ ಬೆಳೆಗೆ ಹೊಡೆದು ರೂಢಿಯಾದವರು. ಪೈಪಿನ ತುದಿ ತಾನಾಗಿಯೇ ಮೇಲಕ್ಕೆ ಹೋಯಿತು. ಕುತ್ತಿಗೆಯಿಂದ ಕೆಳಗೆ ಎಂಬ ವೈದ್ಯರ ಸೂಚನೆ ಅಲ್ಲಿಗೆ ಮುಗಿಯಿತು.

ಮೊದಲು ತಂಪೆನಿಸಿತು. ಆಮೇಲೆ ಕಣ್ಣಿಗೆ ಯಾರೋ ಕೆಂಡ ಒತ್ತಿದಂತಾಯಿತು. ನಾಲಿಗೆಯ ಮೇಲೆ ಕಹಿ, ಮೂಗಿನಲ್ಲಿ ಹೊಲದ ವಾಸನೆ. ಮೆಕ್ಕೆಜೋಳಕ್ಕೆ ಸೈನಿಕ ಹುಳು ಬಿದ್ದಾಗ ಇಡೀ ಊರು ನಾರುತ್ತದಲ್ಲ, ಅದೇ ವಾಸನೆ. ನಾನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಕಿರುಚುತ್ತ ಇದ್ದಲ್ಲೇ ಕುಣಿದೆ. ಇದೂ ಮಹೋತ್ಸವದ ಭಾಗ ಎಂದುಕೊಂಡು ಮಕ್ಕಳು ಚಪ್ಪಾಳೆ ತಟ್ಟಿದರು. ಮೇಡಂ ಫೋಟೋ ತೆಗೆಯುತ್ತಲೇ ಇದ್ದರು. ಅವರ ತಪ್ಪಿಲ್ಲ, ನಿಲ್ಲಿಸಬೇಡಿ ಎಂದು ನಾನೇ ಹೇಳಿದ್ದೆ.

ಕಣ್ಣು ಕಾಣುತ್ತಿರಲಿಲ್ಲ. ತಲೆ ಮಾತ್ರ ಒಂದು ಕ್ಷಣ ಸ್ಪಷ್ಟವಾಯಿತು. ನನ್ನ ಹಿಂದೆ ಅಂಗಿ ಬಿಚ್ಚಿದ ಮಕ್ಕಳ ಸಾಲಿದೆ. ಮೋಟರು ಇನ್ನೂ ಗುಂಯ್ ಎನ್ನುತ್ತಿದೆ. "ನಿಲ್ಲಿಸ್ರಿ, ಹುಡುಗ್ರಿಗೆ ಹೊಡೀಬ್ಯಾಡ್ರಿ" ಎಂದು ಕೂಗುತ್ತ ಮುನ್ನುಗ್ಗಿ ಕೈಗೆ ಸಿಕ್ಕ ಪೈಪನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಪ್ರಾಣ ಹೋದರೂ ಬಿಡುವುದಿಲ್ಲ ಎಂದು ನಿಶ್ಚಯಿಸಿದೆ. ಯಾರೋ ಬಿಡಿಸಲು ಬಂದರು, ಬಿಡಲಿಲ್ಲ. ಇಬ್ಬರು ಬಂದರು, ಆಗಲೂ ಬಿಡಲಿಲ್ಲ. ಅದು ಧ್ವಜಸ್ತಂಭದ ಹಗ್ಗ ಎಂದು ಆಮೇಲೆ ತಿಳಿಯಿತು.

ನಿಜವಾಗಿ ನಿಲ್ಲಿಸಿದವರು ಕೊಟ್ರಪ್ಪನೇ. ವಾಸನೆ ಅವರ ಮೂಗಿಗೂ ಬಡಿದಿತ್ತು. ಬೆನ್ನ ಮೇಲೆ ಹಾವು ಹತ್ತಿದವರಂತೆ ಪಂಪನ್ನು ಕಿತ್ತೆಸೆದು, ಮನೋಜನನ್ನು ಎತ್ತಿಕೊಂಡು ಓಡಿದರಂತೆ. ಮೇಡಂ ಉಳಿದ ಮಕ್ಕಳನ್ನು ತರಗತಿಯೊಳಗೆ ತಳ್ಳಿ ಚಿಲಕ ಹಾಕಿದರಂತೆ. ಒಂದು ಮಗುವಿನ ಮೇಲೂ ಒಂದು ಹನಿಯೂ ಬೀಳಲಿಲ್ಲ. ಈ ಮಾತನ್ನು ನಾನು ಎಷ್ಟು ಸಲ ಬೇಕಾದರೂ ಬರೆಯಬಲ್ಲೆ. ಒಂದು ಹನಿಯೂ ಬೀಳಲಿಲ್ಲ.

ನನ್ನನ್ನು ಬಿಸಿಯೂಟದ ನಲ್ಲಿಯ ಕೆಳಗೆ ಕೂರಿಸಿ, ಸೋಪು ಹಚ್ಚಿ, ಕಣ್ಣಿಗೆ ನೀರು ಬಿಟ್ಟೇ ಬಿಟ್ಟರು. ಆಮೇಲೆ ಯಾರದೋ ಬೈಕಿನಲ್ಲಿ ಮುಂದೆ ಒಬ್ಬ, ಹಿಂದೆ ಕೊಟ್ರಪ್ಪ, ನಡುವೆ ಹಸಿ ಟವೆಲು ಸುತ್ತಿಕೊಂಡ ನಾನು. ಗೇಟು ದಾಟುವಾಗ ಬ್ಯಾನರಿನ ಒಂದು ತುದಿ ಬಿಚ್ಚಿ ನನ್ನ ತಲೆಗೆ ಸಿಕ್ಕಿಕೊಂಡಿತು. ಮಹೋತ್ಸವವನ್ನು ತಲೆಯ ಮೇಲೆ ಹೊತ್ತೇ ಊರು ಬಿಟ್ಟೆ. ದಾರಿಯುದ್ದಕ್ಕೂ ವಾಂತಿ.

ಅದೇ ಆಸ್ಪತ್ರೆ, ಅದೇ ವೈದ್ಯೆ. ಕೊಟ್ರಪ್ಪನ ಮಾತು ಕೇಳಿ ಮುಗಿಸಿ ಅವರು ನನಗೆ ಸೂಜಿ ಚುಚ್ಚಿದರು. ಆಮೇಲೆ ತಿಳಿಸಿ ಹೇಳಿದರು. ತೊಳೆದದ್ದು ಟ್ಯಾಂಕನ್ನು. ಹಿಂದಿನ ಸಲ ಹೊಲಕ್ಕೆ ಹೊಡೆದ ಕೀಟನಾಶಕ ಪೈಪಿನೊಳಗೆ ಹಾಗೇ ಉಳಿದಿತ್ತು. ಗುಂಡಿ ಒತ್ತಿದಾಗ ಮೊದಲು ಹೊರಬರುವುದು ಅದೇ. ಯಾರು ಮುಂದೆ ನಿಂತಿರುತ್ತಾರೋ ಅವರ ಪಾಲಿಗೆ ಅದು ಪೂರ್ತಿ ಬರುತ್ತದೆ. ತೊಳೆದರೂ ಅಷ್ಟೇ, ಹೊಲದ ಪಂಪು ಮೈಗೆ ಅಲ್ಲವೇ ಅಲ್ಲ. ದೊಡ್ಡವರಾದ್ದರಿಂದ ಇಷ್ಟಕ್ಕೆ ಮುಗಿಯಿತು, ಚಿಕ್ಕ ಮಗುವಾಗಿದ್ದರೆ ಎಂದು ಶುರುಮಾಡಿ ಅವರು ಮಾತು ಮುಗಿಸಲಿಲ್ಲ.

ಕೊಟ್ರಪ್ಪ ಗೋಡೆ ಹಿಡಿದು ನೆಲದ ಮೇಲೆ ಕೂತುಬಿಟ್ಟರು. ಆ ದೊಡ್ಡ ದನಿ ಎಲ್ಲಿ ಹೋಯಿತೋ. "ಮುಂದ ನಿಂತಿದ್ದು ನನ್ನ ಮೊಮ್ಮಗ ಅಲ್ಲೇನ್ರಿ" ಎಂದು ತಮಗೆ ತಾವೇ ಕೇಳಿಕೊಂಡರು. ಆಮೇಲೆ ನನ್ನ ಕಾಲು ಹಿಡಿದುಕೊಂಡರು. ನನ್ನ ಹುಡುಗನಿಗೆ ಬರಬೇಕಾದ್ದನ್ನು ನಿಮ್ಮ ಮೈಮೇಲೆ ಹಾಕಿಕೊಂಡಿರಿ, ನೀವು ಮನುಷ್ಯರಲ್ಲ ದೇವರು ಎಂದರು. ನಾನು ಒಂದು ಕಣ್ಣಿಗೆ ಕಟ್ಟಿದ್ದ ಬ್ಯಾಂಡೇಜಿನ ಕೆಳಗಿಂದ, ಶಿಕ್ಷಕನ ಕರ್ತವ್ಯ ಎಂದು ಕ್ಷೀಣ ದನಿಯಲ್ಲಿ ನುಡಿದೆ. ಹೇಳುವಾಗ ಎಷ್ಟು ಹೆಮ್ಮೆಯಾಯಿತೆಂದರೆ, ಉರಿಯೂ ಕಡಿಮೆಯಾದಂತಾಯಿತು.

ಅಷ್ಟರಲ್ಲಿ ಗಿರಿಜಾ ಬಂದಿದ್ದಳು. ಹೊಲಿಗೆಯ ಟೇಪು ಕೊರಳಲ್ಲೇ ಇತ್ತು. ಕೊಟ್ರಪ್ಪ ಹೋಗುವ ತನಕ ತಡೆದುಕೊಂಡಳು. ನನ್ನ ಕೈ ಹಿಡಿದುಕೊಂಡಳು. ಮೇಡಂ ನಡೆದದ್ದನ್ನೆಲ್ಲ ಫೋನಿನಲ್ಲಿ ಹೇಳಿದ್ದರಂತೆ.

"ಕರ್ತವ್ಯ ಅಂತ ಯಾಕ ಹೇಳ್ತೀರಿ ಅವ್ರಿಗೆ? ಆ ಕೂಸನ್ನ ಉಳಿಸಿದ್ದು ನಿಮ್ಮ ಕರ್ತವ್ಯ ಅಲ್ಲ, ನಿಮ್ಮ ಫೋಟೋ ಹುಚ್ಚು."

ನನ್ನ ಓದು, ನನ್ನ ವಿಜ್ಞಾನ, ನನ್ನ ಪರೀಕ್ಷಕನ ಇಣುಕುನೋಟ ಇವೆಲ್ಲ ಸೇರಿ ಆ ಮಗುವನ್ನು ಪೈಪಿನ ಮುಂದೆ ನಿಲ್ಲಿಸಿದ್ದವು. ಅಲ್ಲಿಂದ ಪಕ್ಕಕ್ಕೆ ಸರಿಸಿದ್ದು ನನ್ನ ಡೌಲು. ಜನ ತಮ್ಮ ಒಳ್ಳೆಯ ಗುಣಗಳಿಗೆ ಋಣಿಯಾಗಿರುತ್ತಾರೆ. ನಾನು ಕೆಟ್ಟ ಗುಣಕ್ಕೆ ದಿನಾ ಕೈಮುಗಿಯಬೇಕಾಗಿದೆ.

ಭಾನುವಾರ ಬೆಳಿಗ್ಗೆ ನನ್ನನ್ನು ಮನೆಗೆ ಕಳಿಸಿದರು. ಆ ದಿನ ಊರಿನಲ್ಲಿ ನಡೆದದ್ದನ್ನು ಶಾಂತಾ ಮೇಡಂ ಆಮೇಲೆ ಹೇಳಿದರು. ಕೊಟ್ರಪ್ಪ ಆಸ್ಪತ್ರೆಯಿಂದ ಹೊಸ ಬಾಟಲಿಗಳ ಡಬ್ಬ ತಂದು ಊರ ಮುಂದಿನ ಕಟ್ಟೆಯ ಮೇಲೆ ಇಟ್ಟರಂತೆ. ಜನ ಸೇರಿದರು, ಯಾವತ್ತಿನಂತೆ ಯಾರೂ ಮುಟ್ಟಲಿಲ್ಲ. ಆಗ ಕೊಟ್ರಪ್ಪ ಅಂಗಿಯ ತೋಳು ಮೇಲೇರಿಸಿ, ಕೆರೆದು ಹುಣ್ಣಾದ ಮೊಣಕೈಯನ್ನು ಎತ್ತಿ ಹಿಡಿದರಂತೆ.

"ನಮ್ಮ ಮನಿಯಾಗ ಕಜ್ಜಿ ಐತಿ. ನನಗೈತಿ, ನನ್ನ ಹೇಣ್ತಿಗೈತಿ, ಮನೋಜಗೈತಿ. ಆ ಹುಡುಗಿನ್ನ ಹೊರಗ ಹಾಕ್ಸಿದೋನು ನಾನ. ಸುಳ್ಳು ಹೇಳಾಕ ಹೋಗಿ ನಿನ್ನೆ ಒಂದ್ ಕೂಸು ಹೋಗತಿತ್ತು."

ಶಾಲಾ ಸಮಿತಿಯ ಅಧ್ಯಕ್ಷರ ಮನೆಯಲ್ಲೇ ಇದೆ ಎಂದ ಮೇಲೆ ಉಳಿದವರಿಗೆ ಇರುವುದು ಅವಮಾನವಾಗಿ ಉಳಿಯಲಿಲ್ಲ. ಇಲ್ಲದಿರುವುದೇ ಸ್ವಲ್ಪ ಸಣ್ಣತನ ಎನ್ನುವಂತಾಯಿತು! ಸಂಜೆಯೊಳಗೆ ಡಬ್ಬ ಖಾಲಿ. ಪ್ರತಿ ಮನೆಯಲ್ಲೂ ಬಿಸಿನೀರಿನ ಹಂಡೆ, ಪ್ರತಿ ಬೇಲಿಯ ಮೇಲೂ ಕೌದಿ. ಹೇಗೆ ಹಚ್ಚಬೇಕೆಂದು ಹುಲಿಗೆಮ್ಮ ಮನೆಮನೆಗೆ ಹೋಗಿ ತೋರಿಸಿದಳಂತೆ. ಮೊದಲು ಕರೆದವರು ಗಂಡು ನೋಡುತ್ತಿದ್ದ ಮನೆಯವರು.

ಸೋಮವಾರ ಬೇಡ, ಎರಡು ದಿನ ಮಲಗಿ ಎಂದು ಗಿರಿಜಾ ಹೇಳಿದಳು. ಮಾತು ಕೊಟ್ಟವನು ಮಲಗುವುದೆಂತು? ವೈದ್ಯರು ಕೊಟ್ಟ ಕಪ್ಪು ಕನ್ನಡಕ ಹಾಕಿಕೊಂಡು ಬಸ್ಸಿನಿಂದ ಇಳಿದೆ. ಗೇಟಿನ ಹತ್ತಿರ ಜನ ಎದ್ದು ನಿಂತು ನಮಸ್ಕಾರ ಮಾಡಿದರು. ಕೊಟ್ರಪ್ಪ ಹಾರ ತಂದಿದ್ದರು. ನಾನು ಬೇಡಬೇಡ ಎನ್ನುತ್ತ ಕೊರಳು ಬಾಗಿಸಿದೆ. ಎರಡನೇ ತರಗತಿಯ ಬಾಗಿಲಲ್ಲಿ ನಿಂತು ನೋಡಿದೆ. ಅಮ್ಮು ತನ್ನ ಬೆಂಚಿನ ಮೇಲೆ ಕೂತಿದ್ದಳು. ಒಂದು ಪಕ್ಕ ಮನೋಜ, ಇನ್ನೊಂದು ಪಕ್ಕ ಇನ್ನೊಬ್ಬಳು, ಅವರಾಚೆಗೆ ಇನ್ನಿಬ್ಬರು ತುರುಕಿಕೊಂಡಿದ್ದರು. ನನ್ನ ಇಡೀ ವೃತ್ತಿಜೀವನದಲ್ಲಿ ಅಷ್ಟು ತುಂಬಿದ ಬೆಂಚನ್ನು ನಾನು ಕಂಡಿಲ್ಲ. ಎದೆ ಉಬ್ಬಿತು. ಹಾರದ ದಾರ ಹರಿಯುತ್ತದೇನೋ ಎನ್ನುವಷ್ಟು ಉಬ್ಬಿತು.

ನಾಲ್ಕು ಮಾತು ಆಡಿ ಸರ್ ಎಂದರು ಮೇಡಂ. ಆಡಿದೆ. ಆರೋಗ್ಯ, ವಿಜ್ಞಾನ, ತ್ಯಾಗ. ತ್ಯಾಗದ ಬಗ್ಗೆ ವಿವರವಾಗಿ ಹೇಳುತ್ತಿದ್ದಾಗ ಅಮ್ಮು ಎದ್ದು ನನ್ನ ಹತ್ತಿರ ಬಂದಳು. ಕೃತಜ್ಞತೆಯಿಂದ ಕಾಲಿಗೆ ಬೀಳುತ್ತಾಳೆ ಎಂದುಕೊಂಡು ಆಶೀರ್ವದಿಸಲು ಕೈ ಚಾಚಿದೆ. ಅವಳು ಆ ಕೈಯನ್ನು ಹಿಡಿದು, ಬೆರಳುಗಳನ್ನು ಅಗಲಿಸಿ, ಕಣ್ಣು ಸಣ್ಣದು ಮಾಡಿ ಸಂದಿಯಲ್ಲಿ ನೋಡಿದಳು. ಥೇಟ್ ನನ್ನಂತೆಯೇ. ಭೂತಗನ್ನಡಿ ಒಂದಿರಲಿಲ್ಲ.

"ಮೇಡಂ, ಸರ್‌ಗೂ ಗುಳ್ಳಿ ಅದಾವ್ರಿ" ಎಂದಳು.

ಎರಡು ಮೂರು ವಾರದಿಂದ ಕೈ ಕೆರೆಯುತ್ತಿದ್ದದ್ದು ನಿಜ. ಚಾಕ್‌ಪೀಸಿನ ಅಲರ್ಜಿ ಎಂದು ನಾನೇ ತೀರ್ಮಾನಿಸಿ, ಅದೇ ಕೈಯಿಂದ ಎಲ್ಲ ಮಕ್ಕಳ ಕೈ ಹಿಡಿದು ಅಕ್ಷರ ತಿದ್ದಿಸುತ್ತಿದ್ದೆ. ಭಾನುವಾರ ಇಡೀ ಊರು ಲೋಷನ್ ಹಚ್ಚಿಕೊಂಡಾಗ ನಾನೊಬ್ಬನೇ ಹರಪನಹಳ್ಳಿಯ ಮನೆಯಲ್ಲಿ ತ್ಯಾಗಿಯಾಗಿ ಮಲಗಿದ್ದೆ. ಆ ಸೋಮವಾರ ಆ ಶಾಲೆಯಲ್ಲಿ ಕಜ್ಜಿಗೆ ಔಷಧ ಹಚ್ಚಿಕೊಳ್ಳದೆ ಒಳಗೆ ಬಂದ ಏಕೈಕ ವ್ಯಕ್ತಿ ಶಾಲೆಯ ಆರೋಗ್ಯಾಧಿಕಾರಿಯೇ!

ಮಕ್ಕಳೆಲ್ಲ ಒಟ್ಟಿಗೆ ಒಂದು ಹೆಜ್ಜೆ ಹಿಂದೆ ಸರಿದರು. ಹಾರ ಹಾಕಿದ ಕೊಟ್ರಪ್ಪ ಕೈಗಳನ್ನು ಪಂಚೆಗೆ ಒರೆಸಿಕೊಂಡರು. ಶಾಂತಾ ಮೇಡಂ ಬಹಳ ಮೃದುವಾಗಿ, ವಾಸಿಯಾಗುವ ತನಕ ಎಂದು ಶುರುಮಾಡಿ, ಅಲ್ಲಿಗೆ ನಿಲ್ಲಿಸಿ, ಮೂಗು ಒರೆಸಿಕೊಳ್ಳಲು ಒಳಗೆ ಹೋದರು.

ನಾನು ಚೀಲ ತಗಲಿಸಿಕೊಂಡು ಹೊರಟೆ. ಅಮ್ಮು ಒಬ್ಬಳೇ ಗೇಟಿನ ತನಕ ನನ್ನ ಜತೆ ಬಂದಳು. ನನ್ನ ಕನ್ನಡಕದ ಕೆಳಗೆ ಇಳಿಯುತ್ತಿದ್ದ ನೀರನ್ನು ತಲೆಯೆತ್ತಿ ನೋಡಿದಳು.

"ಅಳಬ್ಯಾಡ್ರಿ ಸರ್. ಇವತ್ತು ಹಚ್ಚಿಕ್ಯಂಡ್ರ ನಾಳಿ ಬರಬೌದು. ನನ್ನ ಬಾಜೂಕ ಕುಂದರ್ರಿ ಬೇಕಾರ."

ನಾನು ಅಳುತ್ತಿರಲಿಲ್ಲ. ಕಣ್ಣು ಉರಿಯುತ್ತಿತ್ತು, ಅಷ್ಟೇ!